ಜಾಮೀನು

ಅಸ್ಮಾರದಿಂದ ಮಸಾವಕ್ಕೆ ಇಳಿಯುವುದೆಂದರೆ
ಮೋಡದ ಮೇಲಿಂದ ಉಪ್ಪಿನ ಮೇಲಕ್ಕೆ,
ಏಳು ಸಾವಿರ ಅಡಿ, ಎಣಿಕೆ ತಪ್ಪುವಷ್ಟು ತಿರುವು.
ಹೋದ ಮಂಗಳವಾರ ಅರ್ಬರೋಬ ದಾಟಿದ ಮೇಲೆ
ನಾನು ಕಾಲಿಟ್ಟೆ, ಬ್ರೇಕು ಕೈಕೊಟ್ಟಿತು.

ನೆನೆದ ಇಂಜೆರಾ ತುಳಿದ ಹಾಗೆ
ಮೆತ್ತಗೆ, ಸದ್ದಿಲ್ಲದೆ, ಪೆಡಲು ತಳ ಮುಟ್ಟಿತು.
ಹಿಂದಿನ ಸೀಟಿನಲ್ಲಿ ಮದುವೆಗೆ ಹೊರಟ ಇಬ್ಬರು,
ಅವರ ಕಾಲ ಸಂದಿಯಲ್ಲಿ ಉಡುಗೊರೆಯ ಕುರಿ.
ಗೇರು ಇಳಿಸಿ, ಬಂಡೆಗೆ ಮೈ ಉಜ್ಜಿಸಿ
ಹೇಗೋ ನಿಲ್ಲಿಸಿದೆ. ಕುರಿ ಒದರಿತು.
ಉಳಿದ ಮೂವರಿಗೂ ದನಿಯೇ ಇರಲಿಲ್ಲ.

ಅಪ್ಪ ಈ ಸೆಯಿಚೆಂತೊ ಕೊಂಡಾಗ
ಅದಕ್ಕೆ ಹನ್ನೊಂದು ವರ್ಷ, ನನಗೆ ಒಂಬತ್ತು.
ನಾಲ್ಕು ಚಕ್ರಕ್ಕೂ ಸೇರಿ ಎಣ್ಣೆಯ ದಾರಿ ಒಂದೇ.
ಎಲ್ಲೋ ಒಂದು ಕಡೆ ಜಿನುಗಿದರೆ
ನಾಲ್ಕೂ ಕೈಚೆಲ್ಲುತ್ತವೆ.

ಎಣ್ಣೆಯ ಪೀಪಾಯಿ ಒಲೆಯಾಗುವ,
ಲಾರಿಯ ಟೈರು ಚಪ್ಪಲಿಯಾಗುವ ಮೆದೆಬೆರ್‌ನಲ್ಲಿ
ಸುತ್ತಿಗೆಗಳ ಗದ್ದಲದ ನಡುವೆ
ಒಕ್ಬಾಜ್ಗಿ ಸಿಲಿಂಡರುಗಳನ್ನು ಕಳಚಿ
ಗೋಣಿಯ ಮೇಲೆ ಸಾಲಾಗಿಟ್ಟ.
ಪಕ್ಕದಲ್ಲಿ ನಾನು ಪೆಟ್ಟಿಗೆ ಇಟ್ಟೆ.
ಬೊಲೋನ್ಯದಿಂದ ತಂಗಿಯ ಮಗ ಫಿಲ್ಮೋನ್ ಕಳಿಸಿದ್ದು:
ಹೊಚ್ಚಹೊಸ ನಾಲ್ಕು, ಎರಡು ವರ್ಷದ ಗ್ಯಾರಂಟಿ
ಐದು ಭಾಷೆಗಳಲ್ಲಿ; ನಮ್ಮದು ಅದರಲ್ಲಿಲ್ಲ.
"ಹಳೇದನ್ನು ಎಸೆ ದೊಡ್ಡಮ್ಮ," ಫೋನಿನಲ್ಲಿ ಅವನು,
"ಬ್ರೇಕಿನ ವಿಷಯದಲ್ಲಿ ಮಮಕಾರ ಬೇಡ."
ಮಮಕಾರವಲ್ಲ ಮಗು. ಮಮಕಾರವಾದರೆ
ಅಪ್ಪನ ಟೋಪಿ ಇದೆ, ಸಾಕು.

ಒಕ್ಬಾಜ್ಗಿ ಕಿರುಬೆರಳನ್ನು ಒಳಗೆ ತೂರಿಸಿ
ಕಣ್ಣು ಮುಚ್ಚಿ ತಿರುಗಿಸಿದ.
"ಸಿಡುಬು, ಲೆತೆಬ್ರಹಾನ್. ತುಕ್ಕು ತಿಂದ ಗುಳಿ.
ಉಜ್ಜಿದರೆ ಹೋಗುವ ಗುಳಿ ಉಂಟು,
ಉಜ್ಜಿದಷ್ಟೂ ಆಳವಾಗುವುದೂ ಉಂಟು.
ಇದು ಎರಡನೆಯದು. ಕೊರೆದು ಅಗಲ ಮಾಡಿ
ಹಿತ್ತಾಳೆಯ ಒಳಂಗಿ ತೊಡಿಸುತ್ತೇನೆ."

"ಪೆಟ್ಟಿಗೆಯವು?"

ಒಂದನ್ನು ಅಂಗೈಯಲ್ಲಿ ತೂಗಿ ನೋಡಿದ.
"ಹೊಳಪಿದೆ," ಅಂದ, "ಹೊಳಪು
ಯಾವ ಗಾಡಿಯನ್ನೂ ನಿಲ್ಲಿಸಿದ್ದು ನಾನು ಕಂಡಿಲ್ಲ.
ಆದರೆ ಒಳಗಿನ ರಬ್ಬರು ಎಲ್ಲ ಹೊಸದೇ ಇರಲಿ.
ಕಬ್ಬಿಣ ಮರೆಯುತ್ತದೆ,
ರಬ್ಬರು ಮನಸ್ಸಲ್ಲಿಟ್ಟುಕೊಳ್ಳುತ್ತದೆ."

ಆಮೇಲೆ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟಿದ:
ಠಣ್. ಠಣ್. ಠಣ್.
ನಾಲ್ಕನೆಯದು ಠಪ್ ಅಂದಿತು.
ಕಣ್ಣಿಗೆ ಕಾಣದ ಬಿರುಕು.
ಅವನು ಮರುಮಾತಾಡದೆ ಪೆಟ್ಟಿಗೆ ಬಿಚ್ಚಿದ.
ಒಂದಲ್ಲ, ಎರಡು ತೆಗೆದ:
"ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಹಾಕಿದರೆ
ಗಾಡಿ ಒಂದು ಕಡೆಗೇ ಎಳೆಯುತ್ತದೆ,
ಮಾತು ಬಿಟ್ಟವರ ಸಂಸಾರದ ಹಾಗೆ."
ಹೀಗೆ ಹಿಂದಿನ ಚಕ್ರಗಳಿಗೆ ಬೊಲೋನ್ಯ,
ಮುಂದಿನವಕ್ಕೆ ಮೆದೆಬೆರ್.
ಬಿರುಕಿನದರ ಜೊತೆ ಅದರ ಜೋಡಿಯೂ ಹೊರಬಿತ್ತು,
ಠಣ್ ಅಂದಿದ್ದರೂ, ತಪ್ಪೇನೂ ಇಲ್ಲದೆ.
ಅದನ್ನು ಕೇಳಿ ಮನೆಗೆ ತಂದೆ.
ಈಗ ಕಿಟಕಿಯ ಪರದೆ ಗಾಳಿಗೆ ಹಾರದಂತೆ
ಹಿಡಿದುಕೊಂಡಿದೆ. ಇನ್ನೂ ಬ್ರೇಕೇ.

ದುಡ್ಡು ಎಣಿಸುವಾಗ ಕೇಳಿದೆ:
"ಪೆಟ್ಟಿಗೆಯವಕ್ಕೆ ಎರಡು ವರ್ಷದ ಜಾಮೀನು.
ನಿನ್ನ ಎರಡಕ್ಕೆ?"
ಸೀಮೆಎಣ್ಣೆಯಲ್ಲಿ ಕೈ ತೊಳೆದು, ಕೋಟು ಹುಡುಕಿ,
"ನಾನೂ ಬರುತ್ತೇನೆ," ಅಂದು
ಮುಂದಿನ ಸೀಟಿನಲ್ಲಿ ಕೂತ.

ಮಂಜು. ತಡೆಗೋಡೆಯ ಮೇಲೆ ಕೋತಿಗಳ ಪಂಚಾಯಿತಿ.
ಅದೇ ತಿರುವು, ಅದೇ ಬಂಡೆ,
ನನ್ನ ಬಣ್ಣ ಇನ್ನೂ ಅದರ ಮೈಮೇಲೆ.
ಕಾಲಿಟ್ಟೆ. ಪೆಡಲು ಅರ್ಧದಲ್ಲೇ
ಕಲ್ಲಿನ ಹಾಗೆ ಎದುರು ನಿಂತಿತು.
ನಕ್ಕು ಬಲಕ್ಕೆ ತಿರುಗಿದೆ.

ಒಕ್ಬಾಜ್ಗಿ ಲೋಕಾಭಿರಾಮವಾಗಿ
ಮಗಳ ಸೀಮಂತದ ಸುದ್ದಿ ಹೇಳುತ್ತಿದ್ದ.
ಕೆಳಗೆ, ಪೆಡಲೇ ಇಲ್ಲದ ಕಡೆ,
ಅವನ ಬಲಗಾಲು
ತಗಡನ್ನು ಒತ್ತಿ ಹಿಡಿದಿತ್ತು,
ಒಂದೊಂದು ತಿರುವಿಗೂ, ನನಗಿಂತ ಮೊದಲು.

ಮಸಾವದಲ್ಲಿ ಇಳಿದಾಗ ಕುಂಟಿದ.
ಜೋಮು ಹಿಡಿದಿದೆ, ಅಂದ.
ಹೌದೇ, ಅಂದೆ.